ಅಜ್ಜಿ ಕೇಳಿದ ಒಂದು ಕಂಬಿ

“ಕಂಬಿ ಹಾಕೋದೇನು ಮಹಾ ಕೆಲಸ? ಚಹಾ ಆರೋದರೊಳಗೆ ಹಾಕಿ ಹೋಗ್ತೀನಿ,” ಎಂದ ಮೇಸ್ತ್ರಿ ಬಚ್ಚಲಿನ ಗೋಡೆಯನ್ನು ಟಕ್ ಟಕ್ ಎಂದು ಬಡಿದ. ಡಾಕ್ಟರು ಎದೆ ನೋಡುವ ಹಾಗೆ ಕಿವಿಯಿಟ್ಟು ಕೇಳಿದ. “ಆದರೆ...” ಎಂದು ನಿಲ್ಲಿಸಿದ.

ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ಸಣ್ಣದಾಯಿತು. ಅಪ್ಪನ ಹಿಂದೆ ನಿಂತಿದ್ದ ಮಗಳು ಗುಬ್ಬಿ ಇಣುಕಿ ನೋಡಿದಳು.

ಹೋದ ವಾರ ಅಜ್ಜಿ ಬಚ್ಚಲಲ್ಲಿ ಜಾರಿದ್ದಳು. ಮುರಿದದ್ದು ಬಕೆಟ್ ಮಾತ್ರ. ಆದರೆ ಅಂದಿನಿಂದ ಅಜ್ಜಿ ಸ್ನಾನಕ್ಕೆ ಹೋದರೆ ಬಾಗಿಲು ಹಾಕುವಂತಿಲ್ಲ, ಅಮ್ಮ ಪಕ್ಕದಲ್ಲೇ ನಿಲ್ಲಬೇಕು. ಅಜ್ಜಿಗೆ ಅದು ಸೇರುತ್ತಿರಲಿಲ್ಲ.

“ನನ್ನ ಸ್ನಾನಕ್ಕೂ ಕಾವಲಾ? ಗೋಡೆಗೊಂದು ಕಂಬಿ ಹಾಕಿಸಪ್ಪ. ಹಿಡ್ಕೊಂಡು ನನ್ನ ಪಾಡಿಗೆ ನಾನು ಮಿಂದು ಬರ್ತೀನಿ. ಒಂದು ಕೋಳಿ ಮಾರಿದರೆ ಖರ್ಚು ಮುಗೀತು,” ಎಂದಿದ್ದಳು. ಅಜ್ಜಿಯ ಲೆಕ್ಕವೆಲ್ಲ ಕೊಟ್ಟಿಗೆಯಲ್ಲೇ.

“ಆದರೆ ಏನು?” ಎಂದು ಅಪ್ಪ ಕೇಳಿದ.

“ತೂತು ಕೊರೆದರೆ ಈ ಹಳೇ ಟೈಲ್ಸು ಬಿರುಕು ಬಿಡುತ್ತೆ. ಇದರ ಜೋಡಿ ಈಗ ಎಲ್ಲೂ ಸಿಗಲ್ಲ. ಒಂದು ಗೋಡೆ ಹೊಸದು, ಮೂರು ಗೋಡೆ ಹಳೇದು ಅಂದ್ರೆ ನೋಡಿದವರು ಏನಂತಾರೆ?”

ಬಚ್ಚಲನ್ನು ಯಾರಾದರೂ ನೋಡುತ್ತಾರೆ ಎಂದು ಅಪ್ಪ ಅದುವರೆಗೆ ಯೋಚಿಸಿರಲಿಲ್ಲ. ಈಗ ಯೋಚಿಸಿದ. ನಾಲ್ಕೂ ಗೋಡೆ ಒಡೆಸಿದ.

ಗೋಡೆಯೊಳಗೆ ಪೈಪು ಕಂಡಿತು. ತುಕ್ಕು ಹಿಡಿದಿತ್ತು.

“ನೋಡಿ, ಒಡೆದಿದ್ದು ಎಷ್ಟು ಒಳ್ಳೇದಾಯ್ತು,” ಎಂದ ಮೇಸ್ತ್ರಿ.

“ಒಡೆಯೋ ಮುಂಚೆ ನೀರು ಸರಿಯಾಗೇ ಬರ್ತಿತ್ತಲ್ಲ?” ಎಂದಳು ಗುಬ್ಬಿ.

“ದೊಡ್ಡವರು ಮಾತಾಡುವಾಗ ಸುಮ್ಮನಿರು,” ಎಂದ ಅಪ್ಪ.

ಪೈಪು ಬದಲಾಯಿತು. ಪೈಪು ಹೊಸದಾದ ಮೇಲೆ ನಲ್ಲಿ ಹಳೆಯದಾಗಿ ಕಂಡಿತು. ಎಲ್ಲಕ್ಕಿಂತ ಅಗ್ಗದ ಟೈಲ್ಸ್ ತರುತ್ತೇವೆಂದು ಅಂಗಡಿಗೆ ಹೋದ ಅಪ್ಪ ಅಮ್ಮ, ನೆಲಕ್ಕೂ ಗೋಡೆಗೂ ಕನ್ನಡಿಯ ಹಾಗೆ ಹೊಳೆಯುವ ಟೈಲ್ಸಿಗೆ ಹೇಳಿ ಬಂದರು. ಜೊತೆಗೆ ಊಟದ ತಟ್ಟೆಯಷ್ಟು ಅಗಲದ ಒಂದು ಶವರ್.

“ಮಳೆ ಬಂದ ಹಾಗೇ ಬೀಳುತ್ತಂತೆ ಅತ್ತೆ,” ಎಂದಳು ಅಮ್ಮ.

“ಮಳೆ ಬಂದರೆ ಒಳಗೆ ಓಡಿ ಬರೋ ಜನ ನಾವು. ಈಗ ದುಡ್ಡು ಕೊಟ್ಟು ಒಳಗೇ ಮಳೆ ಬರಿಸ್ಕೋತೀವಾ? ಕೋಳಿ ಹೋಗಿ ಆಡಾಯ್ತು. ಇನ್ನು ಎಲ್ಲಿಗೆ ನಿಲ್ಲುತ್ತೋ,” ಎಂದಳು ಅಜ್ಜಿ.

ಎಮ್ಮೆಗೆ ನಿಂತಿತು. ಕೆಲಸ ನಡೆದಷ್ಟು ದಿನವೂ ಮನೆಮಂದಿಯೆಲ್ಲ ಟವೆಲು ಹೆಗಲಿಗೆ ಹಾಕಿಕೊಂಡು ಎದುರುಮನೆಗೆ ಸ್ನಾನಕ್ಕೆ ಹೋಗಿ ಬಂದರು.

ಕೆಲಸ ಮುಗಿದ ದಿನ ಬಚ್ಚಲು ಬಾತ್‌ರೂಮ್ ಆಗಿತ್ತು. ಅಜ್ಜಿ ಒಂದು ಪಾದ ಒಳಗಿಟ್ಟಳು. ಪಾದ ಸರ್ರೆಂದು ಜಾರಿತು. ಹಿಂದಕ್ಕೆ ಎಳೆದುಕೊಂಡಳು.

“ಕಂಬಿ ಎಲ್ಲಪ್ಪ?”

ಎಲ್ಲರೂ ಗೋಡೆ ನೋಡಿದರು. ಗೋಡೆಯಲ್ಲಿ ಎಲ್ಲರ ಮುಖವೂ ಕಂಡಿತು. ಕಂಬಿ ಕಾಣಲಿಲ್ಲ.

ಮೇಸ್ತ್ರಿ ಕಿವಿ ಕೆರೆದುಕೊಂಡ. “ಹಾಕ್ಬಹುದು ಅಜ್ಜಿ. ಆದರೆ ಇಷ್ಟು ದುಬಾರಿ ಟೈಲ್ಸಿಗೆ ತೂತು ಕೊರೆಯೋದಾ? ಬಿರುಕು ಬಿಟ್ಟರೆ?”

“ಬೇಡ, ಬೇಡ. ಆಮೇಲೆ ನೋಡೋಣ,” ಎಂದ ಅಪ್ಪ.

ಅಜ್ಜಿ ಬಾಗಿಲು ಹಿಡಿದುಕೊಂಡು ಮೆಲ್ಲಗೆ ಹಿಂತಿರುಗಿ ಹೋದಳು. ಅದನ್ನು ನೋಡಿ ಗುಬ್ಬಿಗೆ ಕಸಿವಿಸಿಯಾಯಿತು.

ಮರುದಿನದಿಂದ ಶಾಲೆಗೆ ಹೊರಡುವ ಮುಂಚೆ ಗುಬ್ಬಿ ಬಾತ್‌ರೂಮಿನಲ್ಲಿ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಲ್ಲತೊಡಗಿದಳು. ಅಜ್ಜಿ ಅವಳ ಭುಜ ಹಿಡಿದುಕೊಂಡು ಸ್ನಾನ ಮಾಡುತ್ತಿದ್ದಳು.

“ತಿರುಗಬೇಡ ಕಣೇ.”

“ಕಂಬಿ ತಿರುಗುತ್ತಾ ಅಜ್ಜಿ?”

ಶಾಲೆಯಲ್ಲಿ ಟೀಚರ್, “ಏನೇ, ನಿನ್ನ ಒಂದೇ ಭುಜಕ್ಕೆ ಮಳೆ ಬಂತಾ?” ಎಂದರು. ಇಡೀ ಕ್ಲಾಸು ನಕ್ಕಿತು.

ಬಾತ್‌ರೂಮ್ ನೋಡಲು ಜನ ಬರುತ್ತಲೇ ಇದ್ದರು. ಅಪ್ಪ ಎಲ್ಲರಿಗೂ ಶವರ್ ಬಿಟ್ಟು ತೋರಿಸುತ್ತಿದ್ದ. ಒಂದು ಭಾನುವಾರ ಅಪ್ಪನ ಅಕ್ಕ, ಗುಬ್ಬಿಯ ಅತ್ತೆ, ಬಂದಳು. ಅಜ್ಜಿಯ ಸ್ನಾನ ಆಗಷ್ಟೇ ಮುಗಿದಿತ್ತು.

“ಎಷ್ಟಾಯ್ತೋ?” ಎಂದು ಅತ್ತೆ ಕೇಳಿದಳು.

“ಅಮ್ಮನ ಲೆಕ್ಕದಲ್ಲಿ ಒಂದು ಎಮ್ಮೆ,” ಎಂದು ಅಪ್ಪ ಬೀಗಿದ.

“ಕಾಣುತ್ತೆ ಬಿಡು, ಥಳಥಳ ಅಂತಿದೆ. ಅಮ್ಮ ಎಲ್ಲಿ ಹಿಡ್ಕೋತಾಳೆ?”

ಅಪ್ಪ ಗೋಡೆಯ ಕಡೆ ತಿರುಗಿ ನೋಡಿದ.

“ಇಲ್ಲಿ ಅತ್ತೆ,” ಎಂದು ಗುಬ್ಬಿ ಭುಜ ಮುಂದೆ ಮಾಡಿದಳು. ಫ್ರಾಕಿನ ಮೇಲೆ ಅಜ್ಜಿಯ ಐದೂ ಬೆರಳು ಒದ್ದೆಯಾಗಿ ಮೂಡಿದ್ದವು.

ಅಪ್ಪ ಆ ಬೆರಳುಗಳನ್ನೇ ನೋಡಿದ. ಸುಮ್ಮನೆ ಸುರಿಯುತ್ತಿದ್ದ ಶವರ್ ನಿಲ್ಲಿಸಿದ.

ಮರುದಿನ ಮೇಸ್ತ್ರಿ ಡ್ರಿಲ್ ಹಿಡಿದು ಬಂದ. ಅಪ್ಪ ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತ. ಟಪ್ ಎಂದು ಸದ್ದಾಯಿತು. ಟೈಲ್ಸಿನ ಮೇಲೆ ಕೂದಲೆಳೆಯಂಥ ಒಂದು ಬಿರುಕು ಮೂಲೆಯವರೆಗೆ ಓಡಿತ್ತು.

ಅಪ್ಪ ಬಂದು ಬೆರಳಿಂದ ಅದನ್ನು ಮುಟ್ಟಿ ನೋಡಿದ. “ಕಂಬಿ ಗಟ್ಟಿಯಾಗಿದೆಯಾ?” ಎಂದಷ್ಟೇ ಕೇಳಿದ. ಮೇಸ್ತ್ರಿ ಜೋತುಬಿದ್ದು ತೋರಿಸಿದ.

ಅದರ ಖರ್ಚು ಒಂದು ಕೋಳಿಯಷ್ಟೇ ಆಯಿತು.

ಆ ಸಂಜೆ ಅಜ್ಜಿ ಟವೆಲು ಹಿಡಿದು ಒಬ್ಬಳೇ ಒಳಗೆ ಹೋದಳು. ಕಂಬಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಅಜ್ಜಿ ಇಷ್ಟು ದಿನ ಕೇಳುತ್ತಿದ್ದುದು ಈ ಚಿಲಕವನ್ನೇ ಎಂದು ಗುಬ್ಬಿಗೆ ಅನ್ನಿಸಿತು.

ಅವಳು ಹೊರಗೆ ಹೊಸ್ತಿಲ ಮೇಲೆ ಕೂತು ಭುಜ ಮುಟ್ಟಿಕೊಂಡಳು. ಒಣಗಿತ್ತು.

ಎದುರುಮನೆಯವರು ನೆಂಟರನ್ನು ಕರೆದುಕೊಂಡು ಬಂದರು. “ನಿಮ್ಮ ಬಾತ್‌ರೂಮ್ ತೋರಿಸೇ ಮರಿ.”

“ಈಗಾಗಲ್ಲ,” ಎಂದಳು ಗುಬ್ಬಿ. “ಒಳಗೆ ಅಜ್ಜಿ ಇದ್ದಾಳೆ.”