ಬೆರಳಚ್ಚಿನ ತೂಕ

೨೦೨೩ರ ಮಾರ್ಚ್ ೧೪, ಮಂಗಳವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ತೂಕದ ಬಟ್ಟುಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಅವಳು ನೂರು ಗ್ರಾಮಿನ ತಾಯಿಬಟ್ಟನ್ನು ಬರಿಗೈಯಲ್ಲಿ ಎತ್ತಿದಳು.

ಉಳಿದೆಲ್ಲ ಬಟ್ಟುಗಳನ್ನು ಹೋಲಿಸಿ ನೋಡುವುದು ಅದರೊಂದಿಗೇ. ಬೆರಳಿನ ಜಿಡ್ಡು ತಗುಲಿದರೂ ಅದರ ತೂಕ ಬದಲಾಗುತ್ತದೆ. ಮೇಜಿನ ಮೇಲಿನ ಕೈಗವಸು ಊಟಕ್ಕೆ ಮುಂಚೆ ಮಡಿಸಿಟ್ಟಂತೆಯೇ ಇತ್ತು. ಅಂದರೆ ಮಧ್ಯಾಹ್ನದ ಕೆಲಸವೆಲ್ಲ ನೀರುಪಾಲು.

ಪಕ್ಕದ ತಕ್ಕಡಿಯನ್ನು ಬಿಚ್ಚಿ ಕುಳಿತಿದ್ದ ರಿಪೇರಿಯವನು ತಲೆಯೆತ್ತಿದ.

"ನೋಡಿದ್ರಾ?" ಎಂದಳು.

"ನೋಡ್ದೆ."

"ಸುಳ್ಳಾದ್ರೂ ಹೇಳ್ಬಾರ್ದಾ?"

"ನಿಮ್ಮ ಹತ್ರ ಸುಳ್ಳು ಹೇಳಿ ದಕ್ಕಿಸ್ಕೊಂಡೋರು ಯಾರಿದಾರೆ, ದಶಾಂಶ ಮೇಡಂ?"

ಅವಳಿಗೆ ಆ ಹೆಸರು ಬಿದ್ದದ್ದು ಲೆಕ್ಕದ ಬಿಗಿಗೆ. ಅವನು ದಿನವೂ ಫ್ಲಾಸ್ಕಿನಲ್ಲಿ ಚಹಾ ತಂದಿಡುತ್ತಿದ್ದ. ಅವಳು ಅದನ್ನು ತೊಳೆದು, ಜೊತೆಗೊಂದು ಕಿತ್ತಳೆ ಇಟ್ಟು ಹಿಂದಿರುಗಿಸುತ್ತಿದ್ದಳು. ಹೋದ ತಿಂಗಳು ಅವನು ಮದುವೆಯ ಮಾತೆತ್ತಿದಾಗಲೂ ಲೆಕ್ಕವನ್ನೇ ಹೇಳಿದ್ದಳು: "ಹಾಸಿಗೆ ಹಿಡಿದ ಅಮ್ಮ ಇದಾರೆ. ನಿಮಗೆ ಕೊಡೋಕೆ ನನ್ನಲ್ಲಿ ಏನೂ ಉಳಿದಿಲ್ಲ." ಅವನು ಮತ್ತೆ ಆ ಮಾತೆತ್ತಲಿಲ್ಲ. ಚಹಾ ಮಾತ್ರ ನಿಲ್ಲಲಿಲ್ಲ.

ಅವಳು ಕುರ್ಚಿಗೆ ಕುಸಿದಳು. ನಿದ್ದೆಗೆಟ್ಟ ಕಣ್ಣು ಉರಿಯುತ್ತಿತ್ತು.

"ಎಲ್ಲಾ ಮತ್ತೆ ತೂಗ್ಬೇಕು. ಐದೂವರೆಗೆ ನೋಡ್ಕೊಳ್ಳೋ ಅಕ್ಕ ಹೊರಟುಬಿಡ್ತಾರೆ. ಅಮ್ಮನ್ನ ಮಗ್ಗುಲು ಬದಲಾಯಿಸೋಕೂ ಯಾರೂ ಇರಲ್ಲ."

"ನೀವು ಹೊರಡಿ. ಇನ್ನೊಂದು ತಾಯಿಬಟ್ಟು ಇದೆಯಲ್ಲ, ಅದ್ರಲ್ಲಿ ನಾನು ತೂಗ್ತೀನಿ."

"ಸಾಹೇಬ್ರಿಗೆ?"

"ಹೇಳ್ಲೇಬೇಕಲ್ಲ."

"ನಾಳೆ ನಾನೇ ಹೇಳ್ತೀನಿ."

"ಹೇಳಿ. ಪಕ್ಕದಲ್ಲಿ ನಿಂತಿರ್ತೀನಿ."

ಅವಳು ಅವನನ್ನೇ ನೋಡಿದಳು. ಅವನು ಸ್ಕ್ರೂಡ್ರೈವರನ್ನು ನೋಡುತ್ತಿದ್ದ. ಕಿವಿ ಮಾತ್ರ ಕೆಂಪಾಗಿತ್ತು.

"ನಾನು ನಿಮಗೆ ಏನು ಮಾಡಿದೀನಿ ಅಂತ ಇಷ್ಟೆಲ್ಲಾ?"

"ಏನೂ ಮಾಡಿಲ್ಲ."

"ಬೇಡ ಅಂದೆ."

"ಅಂದ್ರಿ. ಅದಕ್ಕೂ ಇದಕ್ಕೂ ಏನು ಸಂಬಂಧ? ನೀವು ಏನೋ ಕೊಡ್ತೀರಿ ಅಂತ ಇಷ್ಟಪಟ್ಟಿದ್ರೆ ತಾನೇ, ಕೊಡಲಿಲ್ಲ ಅಂತ ಬಿಡೋಕೆ?" ಅವನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕಪ್ಪನ್ನು ಅವಳತ್ತ ಸರಿಸಿದ. "ಕುಡೀರಿ, ಆರಿ ಹೋಗತ್ತೆ."

ಅವಳು ಕುಡಿದಳು. ಕಪ್ಪಿನೊಳಗೇ ಕಣ್ಣೀರು ಬಿದ್ದರೂ ಒರೆಸಿಕೊಳ್ಳಲಿಲ್ಲ. ಅದಕ್ಕೂ ಶಕ್ತಿ ಇರಲಿಲ್ಲ. ಬ್ಯಾಗು ಹೆಗಲಿಗೇರಿಸಿದಳು. ಫ್ಲಾಸ್ಕು ತೊಳೆಯದೆ ಅಲ್ಲೇ ಉಳಿಯಿತು.

"ನಾಳೆ ನಾನು ಏನೂ ತರಲ್ಲ," ಎಂದಳು.

"ಕಿತ್ತಳೆ ತಿಂದೂ ತಿಂದೂ ಹಲ್ಲೆಲ್ಲ ಜುಮ್ ಅಂತಿತ್ತು. ಬದುಕ್ಕೊಂಡೆ."

ಅವಳು ನಕ್ಕಳು. ಬಾಗಿಲ ಬಳಿ ನಿಂತು, ತಿರುಗದೆಯೇ ಹೇಳಿದಳು:

"ಕೆಲ್ಸ ಮುಗಿದ ಮೇಲೆ ಮನೆಗೆ ಬನ್ನಿ. ದಿನಾ ಚಹಾ ಕೊಡೋರು ಯಾರು ಅಂತ ಅಮ್ಮ ಕೇಳ್ತಾನೇ ಇದಾರೆ. ನಮ್ಮನೆಗೆ ಬರೋ ಅಳಿಯ ಅಂತ ಹೇಳಿರ್ತೀನಿ."

ಸ್ಕ್ರೂಡ್ರೈವರು ಕೈಜಾರಿ ನೆಲಕ್ಕೆ ಬಿತ್ತು. ಅದನ್ನೆತ್ತಿಕೊಳ್ಳುವಷ್ಟರಲ್ಲಿ ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದಿತ್ತು.

ಅವನು ಕೈಗವಸು ತೊಟ್ಟ. ತಾಯಿಬಟ್ಟನ್ನು ಒರೆಸಲೇಬೇಕಿತ್ತು. ಒರೆಸುವ ಮೊದಲು ಅದನ್ನು ಚಿಮುಟದಿಂದ ಅವಳ ತಕ್ಕಡಿಯ ಮೇಲಿಟ್ಟು, ಗಾಜಿನ ಬಾಗಿಲು ಮುಚ್ಚಿ, ಅಂಕಿಗಳು ನಿಲ್ಲುವವರೆಗೂ ಉಸಿರು ಬಿಗಿಹಿಡಿದ.

ಅವಳು ಬೆಳಿಗ್ಗೆ ಬರೆದಿಟ್ಟ ತೂಕಕ್ಕಿಂತ 0.05 ಮಿಲಿಗ್ರಾಂ ಹೆಚ್ಚು.