ಹೊಟ್ಟೆಯ ಮೇಲಿನ ಕೈ

೧೯೮೬ರಲ್ಲಿ ದಾಂಡೇಲಿಯ ಆಸ್ಪತ್ರೆಯೊಂದರಲ್ಲಿ ನನ್ನ ಮೂತ್ರಚೀಲದ ಕಲ್ಲು ತೆಗೆದರು. ನನಗೆ ಉಬ್ಬಸ, ಪೂರ್ತಿ ಮಂಪರು ಕೊಡುವಂತಿರಲಿಲ್ಲ. ಹೊಕ್ಕುಳ ಕೆಳಗಷ್ಟೇ ಮರಗಟ್ಟಿಸಿ, ಸಣ್ಣ ತೂತಿನಿಂದ ಇಕ್ಕಳ ಇಳಿಸಿದರು. ಎದೆಯ ಮೇಲೆ ಹಸಿರು ಪರದೆ.

"ಬೇಕಾದ್ರ ಹರಟಿ ಹೊಡಿ, ಆದ್ರ ನಗಬ್ಯಾಡ. ಹೊಟ್ಟಿ ಅಲುಗಿದ್ರ ಕರುಳಿಗೆ ತಾಗತೈತಿ," ಎಂದರು ಡಾಕ್ಟರು.

ಸೂಜಿ ಚುಚ್ಚಿದರೂ ಗೊತ್ತಾಗದ ಆ ಜಾಗದಲ್ಲಿ ಒಮ್ಮೆಲೇ ಒಂದು ತಣ್ಣನೆಯ ಅಂಗೈ ಊರಿತು. ಐದೂ ಬೆರಳು ಎಣಿಸಬಹುದಿತ್ತು. ಅಲುಗಬಾರದೆಂದು ಉಸಿರು ಬಿಗಿಹಿಡಿದೆ.

"ಸಿಸ್ಟರ್, ಕೈ ತಗೀರಿ! ನನಗ ಏನೂ ಕಾಣವಲ್ದು," ಡಾಕ್ಟರು ರೇಗಿದರು.

ಸಿಸ್ಟರ್ ದುರ್ಗವ್ವ ನನ್ನ ತಲೆಯ ಬಳಿ ನಿಂತು ಎರಡೂ ಕೈಯಿಂದ ಭುಜ ಹಿಡಿದಿದ್ದರು. "ನನ್ನ ಕೈ ಇಲ್ಲೇ ಅದಾವ್ರೀ ಸರ್."

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಡಾಕ್ಟರು ಅವಸರವಸರವಾಗಿ ಕಲ್ಲು ಎಳೆದು ತಟ್ಟೆಗೆ ಹಾಕಿದರು.

ಸಂಜೆಗೆ ಮರಗಟ್ಟಿದ್ದು ಇಳಿಯಿತು. ಆ ಐದು ಬೆರಳಿನಷ್ಟು ಜಾಗ ಮಾತ್ರ ಇವತ್ತಿಗೂ ಬಿಸಿಲಲ್ಲಿ ನಿಂತರೂ ತಣ್ಣಗಿರುತ್ತದೆ.