ಹಿಂದಿನ ಸಾಲಿನವರು

"ಸರ್, ಮತ್ತ ಕೆಂಪು ಅಕ್ಷರ ಬಂತು," ಎಂದಳು ಶಿವಕುಮಾರಿ.

ಫೈಲ್ ತುಂಬಾ ದೊಡ್ಡದು ಎಂದು ಕಂಪ್ಯೂಟರ್ ಮತ್ತೆ ಮತ್ತೆ ಹೇಳುತ್ತಿತ್ತು. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

ಕುರ್ಲಾದ ಆ ಕನ್ನಡ ಶಾಲೆಯ ಐದನೇ ಕ್ಲಾಸಿನವರು ರಾಣಿ ಬಾಗ್ ಮೃಗಾಲಯಕ್ಕೆ ಪಿಕ್‌ನಿಕ್ ಹೋಗಿ ಬಂದಿದ್ದರು. ಪ್ರಾಣಿ, ಪಕ್ಷಿ, ಬಸ್ಸಿನಲ್ಲಿ ಆದ ಜಗಳ, ಎಲ್ಲವನ್ನೂ ಬರೆದು ಒಂದು ಪುಸ್ತಕ ಮಾಡಿದ್ದರು. ಬರೆದವರು ಎಲ್ಲರೂ. ವರ್ಡ್‌ನಲ್ಲಿ ಟೈಪ್ ಮಾಡಿ, ಫೋಟೋ ಹಾಕಿ, ಪುಟ ಜೋಡಿಸಿದವಳು ಮಾತ್ರ ಶಿವಕುಮಾರಿ. ಒಂದು ಟ್ರಸ್ಟಿನವರು ಅದನ್ನು ಪುಕ್ಕಟೆಯಾಗಿ ಅಚ್ಚು ಹಾಕಿ ಎಲ್ಲರಿಗೂ ಒಂದೊಂದು ಕೊಡುವವರಿದ್ದರು. ಆದರೆ ಅವರ ಸೈಟು ಹತ್ತು ಎಂಬಿ ದಾಟಿದ ಫೈಲನ್ನು ಒಳಗೇ ಬಿಡುತ್ತಿರಲಿಲ್ಲ. ಕಳಿಸಲು ನಾಳೆಯೇ ಕೊನೆಯ ದಿನ.

ಕಂಪ್ಯೂಟರ್ ಕಲಿಸುವ ತಿಲಕ್ ಸರ್ ಮಂಗಳೂರಿನ ಕಡೆಯವರು. ಅವರು ಬಗ್ಗಿ ನೋಡಿ, ಭಾರವೆಲ್ಲ ಫೋಟೋಗಳದ್ದು ಎಂದರು. ಆಮೇಲೆ ಆಪ್ಷನ್ಸ್ ತೆರೆದು, ಡಿಫಾಲ್ಟ್ ಅನ್ನುವ ಜಾಗ ತೋರಿಸಿದರು. ಡಿಫಾಲ್ಟ್ ಅಂದರೆ, ನಾವು ಏನೂ ಹೇಳದಿದ್ದಾಗ ಕಂಪ್ಯೂಟರ್ ತಾನಾಗಿ ಮಾಡುವ ಕೆಲಸ. ಕೇಳದೆಯೇ ಅವ್ವ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕುತ್ತಾಳಲ್ಲ, ಹಾಗೆ. ಅಲ್ಲಿ ಕೆಲವು ಸಂಖ್ಯೆಗಳಿದ್ದವು. ದೊಡ್ಡ ಸಂಖ್ಯೆ ಆರಿಸಿದರೆ ಫೋಟೋದಲ್ಲಿ ತುಂಬ ಚುಕ್ಕಿಗಳು ಉಳಿಯುತ್ತವೆ, ಫೈಲು ಭಾರ. ಚಿಕ್ಕ ಸಂಖ್ಯೆಯಾದರೆ ಚುಕ್ಕಿ ಕಮ್ಮಿ, ಫೈಲು ಹಗುರ.

ಇಷ್ಟು ಹೇಳುವಷ್ಟರಲ್ಲಿ ಸರ್‌ಗೆ ಆಫೀಸಿನಿಂದ ಕರೆ ಬಂತು. ಅವರು ಹೋದರು.

ಶಿವಕುಮಾರಿ ಯೋಚಿಸಲಿಲ್ಲ. ಎಲ್ಲಕ್ಕಿಂತ ಚಿಕ್ಕ ಸಂಖ್ಯೆಗೆ ಟಿಕ್ ಮಾಡಿ ಸೇವ್ ಮಾಡಿದಳು. ಆನೆಯಂಥ ಫೈಲು ಇಲಿಮರಿಯಾಯಿತು. ಫೋಟೋ ಕೆಟ್ಟಿದೆಯೇನೋ ಎಂದು ಗ್ರೂಪ್ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಮುಂದಿನ ಸಾಲಿನ ನಡುವೆ ಕೂತವಳು ಅವಳೇ. ಎರಡು ಜಡೆ, ಕೆಂಪು ರಿಬ್ಬನ್, ಕಿಸಿದ ಹಲ್ಲು, ಎಲ್ಲ ಕಾಣುತ್ತಿತ್ತು.

ಫಸ್ಟ್ ಕ್ಲಾಸ್, ಅಂದುಕೊಂಡಳು.

ಮಧ್ಯಾಹ್ನ ಸರ್ ಪುಸ್ತಕವನ್ನು ಕ್ಲಾಸಿನ ದೊಡ್ಡ ಟಿವಿಯಲ್ಲಿ ಹಾಕಿದರು. ಎಲ್ಲರೂ ಒಮ್ಮೆ ನೋಡಲಿ, ಬೆಳಿಗ್ಗೆ ಕಳಿಸಿದರಾಯಿತು ಎಂದರು. ಗ್ರೂಪ್ ಫೋಟೋ ಬಂದದ್ದೇ ತಡ, ಎಲ್ಲರೂ ಟಿವಿಗೆ ಮುಗಿಬಿದ್ದರು. ಮಹಾದೇವಿಯೂ ಬಂದಳು. ಅವಳು ಕ್ಲಾಸಿನಲ್ಲೇ ಎತ್ತರದ ಹುಡುಗಿ. ಹಾಗಾಗಿ ಎಲ್ಲಿ ಹೋದರೂ ಅವಳಿಗೆ ಹಿಂದಿನ ಸಾಲೇ.

"ಏ ಶಿವಿ, ನಾ ಎಲ್ಲಿ ಅದೀನಿ?"

"ಹಿಂದ ನೋಡು, ಗಿಡದ ಬಾಜೂಕ."

ಗಿಡದ ಪಕ್ಕದಲ್ಲಿ ಗೋಧಿ ಬಣ್ಣದ ಒಂದು ಮುದ್ದೆ ಇತ್ತು. ಅದರ ಮೇಲೊಂದು ಕಪ್ಪು ಪಟ್ಟೆ. ಕಣ್ಣಿಲ್ಲ, ಮೂಗಿಲ್ಲ.

"ಅಯ್ಯ, ನಾ ನಾದಿಟ್ಟ ಹಿಟ್ಟ ಆಗೀನಲ್ಲ," ಎಂದಳು ಮಹಾದೇವಿ.

"ತಟ್ಟಿದ್ರ ಎರಡು ರೊಟ್ಟಿ ಆಗ್ತಾವ," ಎಂದ ಗುರುಬಸವ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಮಹಾದೇವಿಯೇ ನಕ್ಕಳು. ಆದರೆ ಬಾಕಿಯವರು ಹೋದ ಮೇಲೂ ಅವಳು ಟಿವಿಯ ಮುಂದೆಯೇ ನಿಂತಿದ್ದಳು. ಒಂದು ಕಣ್ಣು ಮುಚ್ಚಿ ನೋಡಿದಳು. ಹಿಂದೆ ಸರಿದು ನೋಡಿದಳು. ದೂರದಿಂದಲಾದರೂ ತನ್ನ ಮುಖ ಕಂಡೀತೇನೋ ಎಂಬಂತೆ.

ಶಾಲೆ ಬಿಟ್ಟು ಹೋಗುವಾಗ ಮಹಾದೇವಿ ತನ್ನ ವಿಷಯ ಹೇಳಿದಳು. ಅವಳ ಅಪ್ಪ ಬಿಲ್ಡಿಂಗ್ ಕಟ್ಟುವ ಕೆಲಸದವರು. ಮುಲುಂಡಿನ ಬಿಲ್ಡಿಂಗ್ ಮುಗಿಯುತ್ತ ಬಂದಿತ್ತು. ಪರೀಕ್ಷೆ ಆದ ಮೇಲೆ ಮನೆಯವರೆಲ್ಲ ಪಾಲ್ಘರ್ ಕಡೆ ಹೋಗುವವರಿದ್ದರು. ಹಿಂದೆಯೂ ಹೀಗೇ. ಶಾಲೆಯಲ್ಲಿ ಫೋಟೋ ತೆಗೆಯುವ ಹೊತ್ತಿಗೆ ಅವಳು ಬೇರೆ ಕಡೆ ಹೋಗಿಬಿಟ್ಟಿರುತ್ತಿದ್ದಳು.

"ಹೋಗ್ಲಿ ಬಿಡು. ಈ ಸಲ ಫೋಟೋದಾಗರೆ ಬಂದೀನಲ್ಲ," ಎಂದಳು ಮಹಾದೇವಿ. ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿನ ಗದ್ದಲದಲ್ಲಿ ಸೇರಿಹೋದಳು.

ಮನೆಗೆ ಬಂದ ಶಿವಕುಮಾರಿಗೆ ಚಹಾ, ಚುರುಮುರಿ ಯಾವುದೂ ಬೇಕೆನಿಸಲಿಲ್ಲ. ಸರ್ ಪಾಲಕರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ ಪುಸ್ತಕವನ್ನು ಅವ್ವ ಭಾಗವ್ವ ಮೊಬೈಲಿನಲ್ಲಿ ತೆರೆದಿದ್ದಳು. ಕೈಗೆ ಅಂಟಿದ ಹಿಟ್ಟನ್ನು ಸೆರಗಿಗೆ ಒರೆಸಿ, ಮಗಳ ಮುಖಕ್ಕೆ ಪರದೆಯ ಮೇಲೇ ಮುತ್ತು ಕೊಟ್ಟಳು. ಆಮೇಲೆ ಬೆರಳಿನಿಂದ ಫೋಟೋವನ್ನು ಆಚೆ ಈಚೆ ಸರಿಸಿ ಏನನ್ನೋ ಹುಡುಕತೊಡಗಿದಳು.

"ಆ ಎತ್ತರದ ಹುಡುಗಿ ಬಂದಿದ್ದಿಲ್ಲೇನು? ನಮ್ಮ ಅಟ್ಟದ ಮ್ಯಾಲಿನ ಡಬ್ಬಿ ತಕ್ಕೊಡ್ತಾಳಲ್ಲ, ಆಕಿ."

"ಬಂದಿದ್ಲವ್ವ."

"ಮತ್ತ ಕಾಣವಲ್ಲಳು?"

ಶಿವಕುಮಾರಿ ಅವ್ವನ ಕೈಯಿಂದ ಮೊಬೈಲ್ ತೆಗೆದುಕೊಂಡಳು. ಹಿಂದಿನ ಸಾಲಿನಲ್ಲಿ ಈಶ್ವರ ಯಾರು, ಸೋಮನಾಥ ಯಾರು ಎಂದು ಹುಡುಕಿದಳು. ಒಬ್ಬರ ಗುರುತೂ ಸಿಗಲಿಲ್ಲ. ಬೆಳಿಗ್ಗೆ ತಾನು ಫೋಟೋ ದೊಡ್ಡದು ಮಾಡಿ ನೋಡಿದ್ದು ಯಾರನ್ನು ಎಂದು ಆಗ ಅವಳಿಗೆ ನೆನಪಾಯಿತು. ಕಿವಿ ಬಿಸಿಯಾಯಿತು.

ಮರುದಿನ ಬೆಲ್ ಆಗುವ ಮೊದಲೇ ಅವಳು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ತಿಲಕ್ ಸರ್ ಎಲ್ಲ ಕೇಳಿ ಬೈಯಲಿಲ್ಲ. ಎಲ್ಲ ಫೋಟೋಕ್ಕೂ ಒಂದೇ ಕತ್ತರಿ ಹಾಕಿದರೆ ಹೀಗೇ ಆಗುವುದು ಮಾರಾಯ್ತಿ, ಎಂದರು. ಮೊದಲಿನ ಫೋಟೋಗಳು ಅವರ ಪೆನ್‌ಡ್ರೈವಿನಲ್ಲಿದ್ದವು. ಅವನ್ನೆಲ್ಲ ಮತ್ತೆ ಹಾಕಿದರು. ತಾನಾಗಿ ಕುಗ್ಗಿಸಬೇಡ ಎಂದು ಈ ಸಲ ಕಂಪ್ಯೂಟರಿಗೆ ಹೇಳಿಟ್ಟರು. ಇನ್ನು ಯಾವ ಫೋಟೋ ಎಷ್ಟು ಕುಗ್ಗಬೇಕೆಂದು ಶಿವಕುಮಾರಿಯೇ ಒಂದೊಂದಾಗಿ ನೋಡಬೇಕಿತ್ತು.

ಬಸ್ಸು ಕುಗ್ಗಿತು. ಡಬ್ಬಿಯ ಊಟ ಕುಗ್ಗಿತು. ಮಲಗಿದ್ದ ಹುಲಿ ಕುಗ್ಗಿತು, ಹೇಗೂ ಅದರ ಬೆನ್ನಷ್ಟೇ ಕಾಣುತ್ತಿತ್ತು. ಕೊನೆಗೆ ದೊಡ್ಡವು ಎರಡು ಉಳಿದವು. ಒಂದು ಗ್ರೂಪ್ ಫೋಟೋ. ಇನ್ನೊಂದು ಪೂರ್ತಿ ಪುಟದ ಫೋಟೋ. ಗಾಜಿನಾಚೆ ಪೆಂಗ್ವಿನ್, ಈಚೆ ಶಿವಕುಮಾರಿ. ಆ ಪುಟವನ್ನು ಅವಳು ಎಲ್ಲಕ್ಕಿಂತ ಮೊದಲು ಮಾಡಿದ್ದಳು. ಪುಸ್ತಕ ಬಂದ ಕೂಡಲೇ ತಮ್ಮ ಚಾಳಿನ ಎಲ್ಲ ಮನೆಗಳಿಗೂ ತೋರಿಸುವವಳಿದ್ದಳು.

ಎರಡೂ ಹಾಗೇ ಇದ್ದರೆ ಕೆಂಪು ಅಕ್ಷರ ಬರುತ್ತಿತ್ತು.

ಗ್ರೂಪ್ ಫೋಟೋವನ್ನು ಸ್ವಲ್ಪವೇ ಕುಗ್ಗಿಸಿ ನೋಡಿದಳು. ಮಹಾದೇವಿಯ ಕಣ್ಣು ಉಳಿದವು, ನಗು ಉಳಿಯಲಿಲ್ಲ. ಮತ್ತೆ ಮೊದಲಿನಂತೆ ಮಾಡಿದಳು. ಪೆಂಗ್ವಿನ್ ಫೋಟೋವನ್ನು ಸ್ವಲ್ಪ ಕುಗ್ಗಿಸಿದಳು. ಆದರೂ ಕೆಂಪು ಅಕ್ಷರ.

"ಎಂತ ಮಾಡ್ತಿ?" ಎಂದರು ಸರ್. "ಟೈಮ್ ಇಲ್ಲ."

ಶಿವಕುಮಾರಿ ಪೆಂಗ್ವಿನ್ ಫೋಟೋದ ಮೇಲೆ ಕ್ಲಿಕ್ ಮಾಡಿದಳು. ಈ ಚಿತ್ರಕ್ಕೆ ಮಾತ್ರ ಎಂಬಲ್ಲಿ ಟಿಕ್ ಹಾಕಿದಳು. ಎಲ್ಲಕ್ಕಿಂತ ಚಿಕ್ಕ ಸಂಖ್ಯೆ ಆರಿಸಿ, ಕಣ್ಣು ಮುಚ್ಚಿಕೊಂಡು ಓಕೆ ಒತ್ತಿದಳು. ಈ ಸಲ ಫೈಲು ಟ್ರಸ್ಟಿನವರ ಸೈಟಿಗೆ ಹೋಯಿತು.

ಪರೀಕ್ಷೆ ಮುಗಿದ ದಿನ ಪುಸ್ತಕಗಳು ಬಂದವು. ಹೊಸ ಕಾಗದದ ವಾಸನೆ ಕ್ಲಾಸಿಗೆಲ್ಲ ಹರಡಿತು. ಮಹಾದೇವಿ ಮೊದಲು ಪೆಂಗ್ವಿನ್ ಪುಟ ತೆಗೆದಳು.

"ಇದರಾಗ ನೀ ಯಾರು, ಪೆಂಗ್ವಿನ್ ಯಾರು?"

"ರಿಬ್ಬನ್ ಕಟ್ಟಿದಾಕಿ ನಾ," ಎಂದು ಶಿವಕುಮಾರಿ ನಕ್ಕಳು. ನಗು ಸ್ವಲ್ಪ ಕಷ್ಟಪಟ್ಟೇ ಬಂತು.

ಮಹಾದೇವಿ ಪುಟ ತಿರುವಿದಳು. ಗ್ರೂಪ್ ಫೋಟೋ ಬಂತು. ಪುಸ್ತಕವನ್ನು ಮೂಗಿನ ತನಕ ಎತ್ತಿ ಹಿಡಿದಳು. ಅವಳ ಭುಜ ಅಲುಗುವುದನ್ನು ಕಂಡು ಶಿವಕುಮಾರಿಗೆ ಗಾಬರಿಯಾಯಿತು. ಬಗ್ಗಿ ನೋಡಿದರೆ, ಅವಳು ನಗು ತಡೆದುಕೊಳ್ಳುತ್ತಿದ್ದಳು.

ಗಿಡದ ಪಕ್ಕದಲ್ಲಿ ಮಹಾದೇವಿ ಅಂದವಾಗಿ ನಿಂತಿದ್ದಳು. ಹಣೆಯ ಮೇಲಿನ ವಿಭೂತಿಯೂ ಕಾಣುತ್ತಿತ್ತು. ಅವಳ ಒಂದು ಕೈ ಮೆಲ್ಲಗೆ ಮುಂದೆ ಬಂದು, ಅವಳ ಎದುರಿಗಿದ್ದ ತಿಲಕ್ ಸರ್ ತಲೆಯ ಹಿಂದೆ ಎರಡು ಬೆರಳಿನ ಕೊಂಬು ಇಟ್ಟಿತ್ತು.

ಸರ್ ಇವರ ಬೆಂಚಿನ ಕಡೆಗೇ ಬರುತ್ತಿದ್ದರು. ಮಹಾದೇವಿ ಕೊಂಬಿನ ಮೇಲೆ ಹೆಬ್ಬೆರಳು ಇಟ್ಟು, ಏನೂ ಅರಿಯದವಳಂತೆ ಕಿಟಕಿಯ ಹೊರಗೆ ನೋಡಿದಳು.

ಶಿವಕುಮಾರಿ ತನ್ನ ಪುಸ್ತಕ ತೆಗೆದಳು. ಹಿಂದಿನ ಸಾಲಿನ ತುದಿಯಿಂದ ಶುರು ಮಾಡಿದಳು. ಈಶ್ವರ ಆಕಾಶ ನೋಡುತ್ತಿದ್ದ. ಸೋಮನಾಥನ ಬಾಯಿಯಲ್ಲಿ ಇನ್ನೂ ಏನೋ ತಿಂಡಿ ಇತ್ತು. ರುದ್ರವ್ವ ಕಣ್ಣು ಮುಚ್ಚಿದ್ದಳು. ಒಬ್ಬೊಬ್ಬರನ್ನೇ ನೋಡುತ್ತ, ತನ್ನಷ್ಟಕ್ಕೆ ನಗುತ್ತ ಹೋದಳು.

ಮನೆಗೆ ಬಿಡುವ ಬೆಲ್ ಹೊಡೆಯಿತು. ಅವಳಿನ್ನೂ ಮುಂದಿನ ಸಾಲಿಗೆ ಬಂದಿರಲಿಲ್ಲ.